ಬೈಕಿಗೊಂದು ಗಾಳಿ ಪಂಪು: ಪಿಎಸ್‌ಐ ಬಿಡಿ, ಲೀಟರ್ ಲೆಕ್ಕ ಹಾಕಿ

ಬೈಕಿನ ಜೊತೆ ಒಯ್ಯುವ ಪುಟ್ಟ ಗಾಳಿ ಪಂಪುಗಳ ಡಬ್ಬಿಗಳನ್ನು ಸಾಲಾಗಿ ಇಟ್ಟು ನೋಡಿ. ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ ಎದ್ದು ಕಾಣುವುದು ಒಂದೇ ಬಗೆಯ ಸಂಖ್ಯೆ: 120 ಪಿಎಸ್‌ಐ, 150 ಪಿಎಸ್‌ಐ. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. ಬೈಕ್ ಸವಾರರಿಗೆ ಈ ಸಂಖ್ಯೆಯಿಂದ ಚಿಕ್ಕಾಸಿನ ಪ್ರಯೋಜನವೂ ಇಲ್ಲ. ದಿನನಿತ್ಯದ ಸಣ್ಣ ಬೈಕಿನ ಮುಂದಿನ ಟೈರಿಗೆ ಬೇಕಾದದ್ದು 25 ಪಿಎಸ್‌ಐ ಆಸುಪಾಸು, ಹಿಂದಿನದಕ್ಕೆ 28ರಿಂದ 33. ದೊಡ್ಡ ಸ್ಪೋರ್ಟ್ಸ್ ಬೈಕುಗಳಲ್ಲಿ ಮುಂದೆ 36, ಹಿಂದೆ 42 ಇರುವುದು ಸಾಮಾನ್ಯ. ಅದರಿಂದಾಚೆಗೆ ಹೋಗುವ ಬೈಕು ಅಪರೂಪ. 50 ಪಿಎಸ್‌ಐವರೆಗೆ ಹೋಗಲಾರದ ಪಂಪನ್ನು ಹುಡುಕುವುದೇ ಕಷ್ಟವಾಗಿರುವಾಗ, 150 ಎಂಬುದು ನಿಮಗೆ ಎಂದೂ ಬೇಕಾಗದ ಶಕ್ತಿಯ ಜಾಹೀರಾತು. ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ಟೈರಿಗೆ ಎಷ್ಟು ಲೀಟರ್ ಗಾಳಿ ಬೇಕು, ಅದನ್ನು ಈ ಪಂಪು ಎಷ್ಟು ನಿಮಿಷದಲ್ಲಿ ತುಂಬಬಲ್ಲದು, ಅಷ್ಟು ಹೊತ್ತು ಓಡಲು ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ?

ಅದಕ್ಕೂ ಮೊದಲು ಚಕ್ರದೊಳಗೆ ಟ್ಯೂಬ್ ಇದೆಯೋ ಇಲ್ಲವೋ ಎಂಬುದನ್ನು ತಿಳಿದುಕೊಳ್ಳಿ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಅದನ್ನು ಕಿತ್ತು, ತೂತನ್ನು ಉಜ್ಜಿ, ಅಂಟು ಸವರಿದ ರಬ್ಬರ್ ಪಟ್ಟಿಯನ್ನು ತುರುಕಿ, ಗಾಳಿ ಹೊಡೆದು ಹೊರಟುಬಿಡಬಹುದು. ಚಕ್ರ ಬಿಚ್ಚುವ ಮಾತೇ ಇಲ್ಲ. ಇಲ್ಲಿ ಪಂಕ್ಚರ್ ಕಿಟ್ ಮತ್ತು ಪಂಪು ಒಂದು ಜೋಡಿ. ಒಂದಿಲ್ಲದಿದ್ದರೆ ಇನ್ನೊಂದು ದಂಡ. ಟ್ಯೂಬ್ ಇರುವ ಟೈರಿನಲ್ಲಿ ತೂತಾಗುವುದು ಒಳಗಿನ ಟ್ಯೂಬ್. ಚಕ್ರ ಇಳಿಸಿ, ಟೈರನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬ್ ಹೊರಗೆಳೆದು ಪ್ಯಾಚ್ ಹಾಕುವ ಸಲಕರಣೆಯೂ ಅಭ್ಯಾಸವೂ ಇಲ್ಲದವರಿಗೆ ಪಂಪಿನಿಂದ ಆಗುವ ಉಪಕಾರ ಸೀಮಿತ. ವಾರಕ್ಕೊಮ್ಮೆ ಗಾಳಿ ಸರಿಪಡಿಸಲು, ನಿಧಾನವಾಗಿ ಸೋರುವ ಟ್ಯೂಬಿಗೆ ಆಗಾಗ ಗಾಳಿ ತುಂಬುತ್ತ ರಿಪೇರಿಯವರ ತನಕ ತಲುಪಲು ಅದು ಸಾಕು. ಮೊಳೆ ಹೊಕ್ಕ ಟ್ಯೂಬನ್ನು ಮಾತ್ರ ಯಾವ ಪಂಪೂ ಉಳಿಸುವುದಿಲ್ಲ.

ಟ್ಯೂಬ್‌ಲೆಸ್‌ಗೂ ಒಂದು ಮಿತಿಯಿದೆ. ಪೂರ್ತಿ ಗಾಳಿ ಇಳಿದ ಟೈರಿನ ಮೇಲೆ ಬೈಕನ್ನು ಓಡಿಸಿದರೆ ಟೈರಿನ ಅಂಚು, ಅಂದರೆ ಬೀಡ್, ರಿಮ್ಮಿನ ಕೂರುವ ಜಾಗದಿಂದ ಒಳಕ್ಕೆ ಜಾರಿಬಿಡಬಹುದು. ಹಾಗಾದರೆ ತುಂಬಿದ ಗಾಳಿಯೆಲ್ಲ ಅಂಚಿನ ಸಂದಿಯಿಂದಲೇ ಹೊರಗೆ ಹೋಗುತ್ತದೆ. ಬೀಡನ್ನು ಮತ್ತೆ ಕೂರಿಸಲು ಒಂದೇ ಏಟಿಗೆ ನುಗ್ಗುವ ಭಾರಿ ಗಾಳಿ ಬೇಕು. ಅಂಗೈಯಗಲದ ಪಂಪು ನಿಧಾನವಾಗಿ ಊದುವ ಗಾಳಿಗೆ ಅದು ಜಪ್ಪಯ್ಯ ಎಂದರೂ ಕೂರುವುದಿಲ್ಲ. ಹಾಗಾಗಿ ಟೈರ್ ಮೆತ್ತಗಾದಂತೆ ಅನ್ನಿಸಿದ ಕೂಡಲೇ ನಿಲ್ಲಿಸುವುದು, ಎಷ್ಟೇ ಒಳ್ಳೆಯ ಪಂಪು ಜೊತೆಗಿದ್ದರೂ ತಪ್ಪದ ಕೆಲಸ.

ಟೈರಿನೊಳಗೆ ಎಷ್ಟು ಗಾಳಿ?

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆಯಿಂದ ಅದರ ಒಳಜಾಗವನ್ನು ಅಂದಾಜು ಮಾಡಬಹುದು. 2.75-18 ಎಂಬ ತೆಳು ಟೈರಿನೊಳಗೆ ಆರೇಳು ಲೀಟರ್ ಜಾಗ. 120/70-17 ಟೈರಿನಲ್ಲಿ ಹದಿಮೂರರ ಆಸುಪಾಸು. 180/55-17ರಂಥ ಅಗಲದ ಹಿಂಬದಿ ಟೈರಿನಲ್ಲಿ ಇಪ್ಪತ್ತು ಲೀಟರಿಗೂ ಮೇಲೆ. ರಿಮ್ಮಿನ ಆಕಾರಕ್ಕೆ ತಕ್ಕಂತೆ ಇವು ಅಷ್ಟಿಷ್ಟು ಹೆಚ್ಚುಕಡಿಮೆಯಾಗುತ್ತವೆ. ಪಂಪು ಆರಿಸುವವರಿಗೆ ಇಷ್ಟು ನಿಖರತೆ ಧಾರಾಳವಾಯಿತು.

ಈಗ ಒತ್ತಡ. 14.5 ಪಿಎಸ್‌ಐ ಎಂದರೆ ಒಂದು ಬಾರ್, ನಮ್ಮ ಸುತ್ತಲಿನ ವಾಯುಮಂಡಲದ ಒತ್ತಡದಷ್ಟೇ ಹೆಚ್ಚುಕಡಿಮೆ. 29 ಪಿಎಸ್‌ಐ ಅಂದರೆ ಎರಡು ಬಾರ್. ಒತ್ತಡ ಅಳೆಯುವ ಗೇಜು ಸೊನ್ನೆ ತೋರಿಸುವಾಗಲೂ ಟೈರಿನ ಜಾಗದ ತುಂಬ ಹೊರಗಿನಷ್ಟೇ ಒತ್ತಡದ ಗಾಳಿ ಇದ್ದೇ ಇರುತ್ತದೆ. ಅದರ ಮೇಲೆ ಎರಡು ಬಾರ್ ಏರಿಸಬೇಕೆಂದರೆ ಅದೇ ಜಾಗಕ್ಕೆ ಇನ್ನೂ ಎರಡು ಪಟ್ಟು ಗಾಳಿಯನ್ನು ಒತ್ತಿ ತುಂಬಬೇಕು. ಹತ್ತು ಲೀಟರ್ ಜಾಗದ ಟೈರಿಗೆ ಹೊರಗಿನ ಗಾಳಿ ಇಪ್ಪತ್ತು ಲೀಟರ್. ಏಳು ಲೀಟರಿನ ತೆಳು ಟೈರಿಗೆ ಹದಿನಾಲ್ಕು. ಇಪ್ಪತ್ತೆರಡು ಲೀಟರಿನ ದೊಡ್ಡ ಟೈರನ್ನು 42 ಪಿಎಸ್‌ಐಗೆ, ಅಂದರೆ 2.9 ಬಾರಿಗೆ ಒಯ್ಯಲು ಸುಮಾರು 64 ಲೀಟರ್. ಸಣ್ಣ ಬೈಕಿಗೂ ದೊಡ್ಡ ಬೈಕಿಗೂ ನಡುವಿನ ಅಂತರ ನಾಲ್ಕು ಪಟ್ಟಿಗಿಂತ ಹೆಚ್ಚು. ಗೆಳೆಯರೊಬ್ಬರು ತಮ್ಮ ಸ್ಕೂಟರಿಗೆ ಒಳ್ಳೆಯದೆಂದು ಹೇಳಿದ ಪಂಪು ನಿಮ್ಮ ದೊಡ್ಡ ಬೈಕಿನ ಮುಂದೆ ಉಸಿರುಗಟ್ಟಿ ನಿಂತರೆ ಅದರಲ್ಲಿ ಸೋಜಿಗವಿಲ್ಲ, ಗೆಳೆಯರು ಸುಳ್ಳು ಹೇಳಿದ್ದೂ ಅಲ್ಲ.

ವಾರಕ್ಕೊಮ್ಮೆ ಮಾಡುವ ಕೆಲಸವಂತೂ ತೀರ ಹಗುರ. ಹತ್ತು ಲೀಟರಿನ ಟೈರನ್ನು 24ರಿಂದ 29ಕ್ಕೆ ಏರಿಸಲು ಬೇಕಾದದ್ದು ಮೂರೂವರೆ ಲೀಟರಿಗಿಂತ ಕಡಿಮೆ ಗಾಳಿ. ಇದಕ್ಕೆ ಯಾವ ಪಂಪಾದರೂ ಆದೀತು. ಪಂಪಿನ ನಿಜವಾದ ಪರೀಕ್ಷೆ ಪೂರ್ತಿ ಖಾಲಿಯಾದ ಟೈರು, ಅದರಲ್ಲೂ ಖಾಲಿಯಾದ ಹಿಂದಿನ ಟೈರು.

ಸಂಖ್ಯೆಗಳ ಆಟ

ಪಂಪು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಎಂಬುದನ್ನು ಕೆಲವು ತಯಾರಕರು ಬರೆಯುತ್ತಾರೆ. ಆದರೆ ಅದು ಬಹುಮಟ್ಟಿಗೆ ಕೊಳವೆಯ ತುದಿ ತೆರೆದಿದ್ದಾಗ, ಎದುರು ಒತ್ತಡವೇ ಇಲ್ಲದಾಗ ಬರುವ ಗಾಳಿ. ಟೈರಿನೊಳಗೆ ಒತ್ತಡ ಏರಿದಂತೆ ಮೋಟಾರು ನಿಧಾನವಾಗುತ್ತದೆ. ಸಿಲಿಂಡರಿನ ತಲೆಯಲ್ಲಿ ಉಳಿದ ಚೂರು ಗಾಳಿ ಪಿಸ್ಟನ್ ಹಿಂದಕ್ಕೆ ಬರುವಾಗ ಮತ್ತೆ ಹಿಗ್ಗಿ, ಹೊಸ ಗಾಳಿ ಒಳಬರುವ ಜಾಗವನ್ನು ತಾನೇ ಆಕ್ರಮಿಸಿಕೊಳ್ಳುತ್ತದೆ. ಡಬ್ಬಿಯ ಮೇಲಿನ ಲೀಟರ್ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುವುದು ಕ್ಷೇಮ.

ಇದಕ್ಕಿಂತ ನಂಬಬಹುದಾದ ದಾರಿಯೊಂದಿದೆ. ಅನೇಕ ಪಂಪುಗಳ ವಿವರದಲ್ಲಿ ಕಾರಿನ ಟೈರಿನ ಲೆಕ್ಕ ಇರುತ್ತದೆ: 195/65 ಆರ್15 ಟೈರನ್ನು ಸೊನ್ನೆಯಿಂದ 36 ಪಿಎಸ್‌ಐಗೆ ಇಷ್ಟು ನಿಮಿಷ, ಅಥವಾ 30ರಿಂದ 36ಕ್ಕೆ ಇಷ್ಟು ಸೆಕೆಂಡು. ಆ ಟೈರಿನ ಒಳಜಾಗ ಸುಮಾರು 30 ಲೀಟರ್. ಸೊನ್ನೆಯಿಂದ 36 ಪಿಎಸ್‌ಐ ಎಂದರೆ ಎರಡೂವರೆ ಬಾರ್, ಅಂದರೆ 75 ಲೀಟರ್ ಗಾಳಿ. ಅದಕ್ಕೆ ಹತ್ತು ನಿಮಿಷ ಬೇಕೆಂದು ಬರೆದಿದ್ದರೆ ನಿಜವಾದ ವೇಗ ನಿಮಿಷಕ್ಕೆ ಏಳೂವರೆ ಲೀಟರ್. ನಿಮ್ಮ ಹತ್ತು ಲೀಟರ್ ಟೈರಿನ ಇಪ್ಪತ್ತು ಲೀಟರ್ ಗಾಳಿಗೆ ಮೂರು ನಿಮಿಷದ ಒಳಗೆ. 64 ಲೀಟರಿನ ದೊಡ್ಡ ಟೈರಿಗೆ ಎಂಟೂವರೆ ನಿಮಿಷ. 30ರಿಂದ 36ರ ಲೆಕ್ಕ ಕೊಟ್ಟಿದ್ದರೆ ಅದು 12 ಲೀಟರ್ ಗಾಳಿ ಎಂದು ಹಿಡಿಯಿರಿ. ಕಾರಿನ ಭಾಷೆಯ ಅಂಕಿಗಳನ್ನು ಹೀಗೆ ಬೈಕಿಗೆ ಬಗ್ಗಿಸಿಕೊಂಡರೆ ಜಾಹೀರಾತಿನ ಬಣ್ಣ ಅರ್ಧ ಇಳಿದುಹೋಗುತ್ತದೆ.

ಹೆಚ್ಚು ಪಿಎಸ್‌ಐ ಮತ್ತು ಹೆಚ್ಚು ಲೀಟರ್ ಎರಡನ್ನೂ ಒಂದೇ ಪುಟ್ಟ ಯಂತ್ರ ಏಕೆ ಕೊಡಲಾರದು ಎಂಬುದೂ ಸರಳ. ಎರಡು ಸೆಂಟಿಮೀಟರ್ ವ್ಯಾಸದ ಪಿಸ್ಟನ್ನನ್ನು 30 ಪಿಎಸ್‌ಐ ಎದುರಿಗೆ ತಳ್ಳಲು ಆರೂವರೆ ಕಿಲೋ ಭಾರ ಎತ್ತುವಷ್ಟು ಬಲ ಬೇಕು. 150 ಪಿಎಸ್‌ಐ ಎದುರಿಗೆ ಅದೇ ಪಿಸ್ಟನ್ನಿಗೆ 33 ಕಿಲೋ. ಅಂಗೈಯಲ್ಲಿ ಹಿಡಿಯುವ ಮೋಟಾರಿನಿಂದ ಇದನ್ನು ಮಾಡಿಸಬೇಕೆಂದರೆ ತಯಾರಕರಿಗೆ ಇರುವ ಸುಲಭ ಉಪಾಯ ಪಿಸ್ಟನ್ನನ್ನು ಕಿರಿದು ಮಾಡುವುದು. ವ್ಯಾಸ 1.4 ಸೆಂಟಿಮೀಟರಿಗೆ ಇಳಿದರೆ ಬೇಕಾದ ಬಲವೂ ಅರ್ಧ, ಪ್ರತಿ ಏಟಿಗೆ ಹೋಗುವ ಗಾಳಿಯೂ ಅರ್ಧ. ಕಿರಿದಾದ ಪಿಸ್ಟನ್ ಸೈಕಲ್ಲಿನ ತೆಳು ಟೈರಿಗೆ ಸೊಗಸು, ಏಕೆಂದರೆ ಅಲ್ಲಿ ಬೇಕಾದದ್ದು ಹೆಚ್ಚು ಒತ್ತಡದ ಕಡಿಮೆ ಗಾಳಿ. ಬೈಕಿಗೆ ಬೇಕಾದದ್ದು ಅದರ ತಿರುವುಮುರುವು.

ಇನ್ನೊಂದು ವಿಷಯ ಬಿಸಿ. ಒತ್ತಿದ ಗಾಳಿ ಕಾಯುತ್ತದೆ. 27 ಡಿಗ್ರಿಯ ಗಾಳಿಯನ್ನು ಮೂರು ಪಟ್ಟು ಒತ್ತಡಕ್ಕೆ, ಅಂದರೆ ಗೇಜಿನಲ್ಲಿ 29 ಪಿಎಸ್‌ಐ ತೋರಿಸುವಷ್ಟಕ್ಕೆ, ಬಿಸಿ ಹೊರಹೋಗಲು ಬಿಡದೆ ಒತ್ತಿದರೆ ಅದು ಲೆಕ್ಕದ ಪ್ರಕಾರ 130 ಡಿಗ್ರಿ ದಾಟುತ್ತದೆ. ನಿಜವಾದ ಪಂಪಿನಲ್ಲಿ ಸಿಲಿಂಡರಿನ ಗೋಡೆ ಬಿಸಿಯನ್ನು ಹೀರಿ ಹೊರಗೆ ಬಿಡುವುದರಿಂದ ಅಷ್ಟಾಗದಿದ್ದರೂ, ನಾಲ್ಕೈದು ನಿಮಿಷ ಓಡಿದ ಪಂಪಿನ ಕೊಳವೆಯ ಹಿತ್ತಾಳೆ ತುದಿಯನ್ನು ಬರಿಗೈಲಿ ಹಿಡಿದರೆ ಬೆರಳು ಚುರುಕ್ಕೆನ್ನುತ್ತದೆ. ಈ ಬಿಸಿಯೇ ಪಿಸ್ಟನ್ನಿನ ಸೀಲನ್ನು ಮೆತ್ತಗೆ ಮಾಡುತ್ತದೆ, ಪ್ಲಾಸ್ಟಿಕ್ ಸಿಲಿಂಡರನ್ನು ಸೊಟ್ಟ ಮಾಡುತ್ತದೆ. ಅದಕ್ಕೇ ಕೈಪಿಡಿಯ ಒಳಪುಟದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಇಷ್ಟು ನಿಮಿಷ ಓಡಿಸಿ, ಇಷ್ಟು ನಿಮಿಷ ತಣಿಯಲು ಬಿಡಿ ಎಂದು ಬರೆದಿರುತ್ತಾರೆ. ಡಬ್ಬಿಯ ಮೇಲಿನ ದಪ್ಪ ಅಕ್ಷರಕ್ಕಿಂತ ಈ ಸಣ್ಣ ಅಕ್ಷರ ಮುಖ್ಯ. ನಿಮ್ಮ ಹಿಂದಿನ ಟೈರಿಗೆ ಎಂಟು ನಿಮಿಷ ಬೇಕಾಗಿ, ಪಂಪು ಐದು ನಿಮಿಷಕ್ಕೇ ವಿಶ್ರಾಂತಿ ಕೇಳುವಂಥದ್ದಾದರೆ ಮಳೆಯಲ್ಲಿ ರಸ್ತೆಯ ಪಕ್ಕ ಕಾಯಬೇಕಾದವರು ನೀವು. ಲೋಹದ ಸಿಲಿಂಡರ್, ಲೋಹದ ಗೇರು ಇರುವ ಪಂಪು ತುಸು ತೂಕವಾದರೂ ಅದನ್ನೇ ಆರಿಸುವುದು ಮೇಲು.

ಶಕ್ತಿ ಎಲ್ಲಿಂದ?

ಕೈಪಂಪಿಗೆ ಬ್ಯಾಟರಿ ಬೇಡ, ತಂತಿ ಬೇಡ, ವರ್ಷಗಟ್ಟಲೆ ಚೀಲದಲ್ಲಿ ಬಿದ್ದಿದ್ದರೂ ಕೈಕೊಡುವುದಿಲ್ಲ. ಬೆಲೆ ತೆರಬೇಕಾದದ್ದು ರಟ್ಟೆ. ಎರಡೂವರೆ ಸೆಂಟಿಮೀಟರ್ ವ್ಯಾಸ, ಇಪ್ಪತ್ತು ಸೆಂಟಿಮೀಟರ್ ಎಳೆತವಿರುವ ಪಂಪು ಒಂದು ಏಟಿಗೆ ಹೆಚ್ಚೆಂದರೆ ಒಂದು ಲೀಟರಿನ ಹತ್ತನೇ ಒಂದು ಭಾಗ ಗಾಳಿ ಕೊಡುತ್ತದೆ. ಹತ್ತು ಲೀಟರ್ ಟೈರಿಗೆ ಕಡಿಮೆಯೆಂದರೂ ಇನ್ನೂರು ಏಟು, ಸೋರಿಕೆಯನ್ನೂ ಸೇರಿಸಿದರೆ ಇನ್ನೂರೈವತ್ತು. ಕೊನೆಕೊನೆಯಲ್ಲಿ ಪ್ರತಿ ಏಟಿಗೂ ಹತ್ತು ಕಿಲೋ ಬಲ ಹಾಕಬೇಕು. ತೆಳು ಟೈರಿನ ಬೈಕಿಗೆ ಇದು ಬೆವರಿಳಿಸುವ ಕೆಲಸವಾದರೂ ಆಗದ ಕೆಲಸವಲ್ಲ. 180ರ ಟೈರಿಗೆ ಯೋಚಿಸಲೂ ಹೋಗಬೇಡಿ. ಕೈಪಂಪು ಕೊಳ್ಳುವವರು ಮೌಂಟನ್ ಸೈಕಲ್ಲಿಗೆಂದು ಮಾಡಿದ ದಪ್ಪ ಕೊಳವೆಯದನ್ನು ಆರಿಸಬೇಕು. ರೋಡ್ ಸೈಕಲ್ಲಿನ ತೆಳು ಪಂಪು ನೋಡಲು ಚೆಂದ, ಏಟುಗಳ ಲೆಕ್ಕ ಮಾತ್ರ ಮುಗಿಯುವುದಿಲ್ಲ. ಕಾಲಿನಿಂದ ತುಳಿಯುವ ಪಂಪು ಇದಕ್ಕಿಂತ ಸಲೀಸು, ಆದರೆ ಅದರ ಜಾಗ ಮನೆಯಲ್ಲೇ. ಬೈಕಿನ ಚೀಲದಲ್ಲಿ ಅದು ಹಿಡಿಸುವುದಿಲ್ಲ.

ಬೆರಳುದ್ದದ ಕಾರ್ಬನ್ ಡೈಆಕ್ಸೈಡ್ ಕ್ಯಾಟ್ರಿಜ್‌ಗಳೂ ಇವೆ. ತಿರುಗಿಸಿದ ಕ್ಷಣಗಳಲ್ಲೇ ಟೈರಿಗೆ ಜೀವ ಬರುತ್ತದೆ. ಆದರೆ ಲೆಕ್ಕ ಮಾಡಿ ನೋಡಿ: 16 ಗ್ರಾಂನ ಒಂದು ಕ್ಯಾಟ್ರಿಜ್ಜಿನ ಅನಿಲ ಹೊರಗಿನ ಒತ್ತಡದಲ್ಲಿ ಸುಮಾರು ಒಂಬತ್ತು ಲೀಟರ್ ಆಗುತ್ತದೆ. ಹತ್ತು ಲೀಟರಿನ ಟೈರಿಗೆ ಒಂದು ಕ್ಯಾಟ್ರಿಜ್ ಕೊಡುವುದು ಬರೀ 13 ಪಿಎಸ್‌ಐ. ಪೂರ್ತಿ ತುಂಬಲು ಎರಡಕ್ಕೆ ಇನ್ನೂ ಸ್ವಲ್ಪ ಕಡಿಮೆ ಬೀಳುತ್ತದೆ, ದೊಡ್ಡ ಟೈರಿಗೆ ಏಳು ಬೇಕು. ಪಟ್ಟಿ ಸರಿಯಾಗಿ ಕೂರದೆ ಗಾಳಿ ಮತ್ತೆ ಇಳಿದರೆ ಎರಡನೆಯ ಅವಕಾಶವಿಲ್ಲ. ಹೊರಬರುವ ಅನಿಲ ಕ್ಯಾಟ್ರಿಜ್ಜಿನ ಮೇಲೆ ಮಂಜು ಕಟ್ಟಿಸುವಷ್ಟು ತಣ್ಣಗಿರುವುದರಿಂದ ಬರಿಗೈಲಿ ಹಿಡಿದರೆ ಚರ್ಮಕ್ಕೆ ಪೆಟ್ಟು. ಮೇಲಾಗಿ ಈ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ನುಸುಳಿ ಹೋಗುವುದರಿಂದ ಊರು ತಲುಪಿದ ಮೇಲೆ ಮಾಮೂಲಿ ಗಾಳಿ ತುಂಬಿಸಿಕೊಳ್ಳಲೇಬೇಕು. ನನ್ನ ಮಟ್ಟಿಗೆ ಇದು ಪಂಪಿಗೆ ಬದಲಿಯಲ್ಲ.

ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಓಡುವ ಪಂಪಿಗೆ ಶಕ್ತಿ ಮುಗಿಯುವ ಭಯವಿಲ್ಲ. ಭಯವಿರುವುದು ದಾರಿಯಲ್ಲಿ. ಇಂಥ ಪಂಪು ಎಳೆಯುವ ಕರೆಂಟು ಹತ್ತು ಆಂಪಿಯರ್ ಎಂದಿಟ್ಟುಕೊಂಡರೆ ಅದು 120 ವ್ಯಾಟ್. ಹ್ಯಾಂಡಲ್ ಬಳಿಯ ಯುಎಸ್‌ಬಿ ಕಿಂಡಿಯಿಂದ ಬರುವುದು ಹತ್ತಿಪ್ಪತ್ತು ವ್ಯಾಟ್, ಅದರ ಆಸೆ ಬಿಟ್ಟುಬಿಡಿ. ದುಂಡನೆಯ 12 ವೋಲ್ಟ್ ಸಾಕೆಟ್ ಇದ್ದರೂ ಅದರ ಹಿಂದಿನ ಫ್ಯೂಸ್ 5 ಆಂಪಿಯರಿನದ್ದಾಗಿದ್ದರೆ ಪಂಪಿನ ಗುಂಡಿ ಒತ್ತಿದೊಡನೆ ಫ್ಯೂಸ್ ಸುಟ್ಟು ಹೋಗುತ್ತದೆ. ಮಿತಿ ಮೀರಿದ ಕರೆಂಟನ್ನು ತಾವೇ ಕಡಿತಗೊಳಿಸುವ ಹೊಸ ಬೈಕುಗಳೂ ಇವೆ. ಸರಿಯಾದ ದಾರಿಯೆಂದರೆ ಬ್ಯಾಟರಿಯ ಪ್ಲಸ್, ಮೈನಸ್ ಎರಡೂ ತುದಿಗಳಿಗೆ ದಪ್ಪ ತಂತಿಯನ್ನು, ನಡುವೆ 15 ಆಂಪಿಯರ್ ಫ್ಯೂಸ್ ಇಟ್ಟು, ಕಾಯಂ ಆಗಿ ಬಿಗಿಸಿ ಅದರ ಜೋಡಣೆಯ ತುದಿಯನ್ನು ಸೀಟಿನ ಅಂಚಿಗೆ ತಂದಿಟ್ಟುಕೊಳ್ಳುವುದು. ಆಗ ಸೀಟು, ಟ್ಯಾಂಕು ಬಿಚ್ಚುವ ಗೋಜಿಲ್ಲ. ಹಲ್ಲಿನ ಕ್ಲಿಪ್ ಹಾಕಿ ಓಡಿಸುವ ಪಂಪುಗಳಿಗೆ ಬ್ಯಾಟರಿ ಕೈಗೆ ಸಿಗಬೇಕು. ಎಷ್ಟೋ ಬೈಕುಗಳಲ್ಲಿ ಅದು ಸ್ಪ್ಯಾನರ್ ಇಲ್ಲದೆ ಸಿಗುವುದಿಲ್ಲ.

ಸಣ್ಣ ಬೈಕಿನ 5 ಆಂಪಿಯರ್-ಗಂಟೆ ಬ್ಯಾಟರಿಯಿಂದ ನಾಲ್ಕು ನಿಮಿಷ ಪಂಪು ಓಡಿಸಿದರೆ ಅದರ ಏಳೆಂಟರಲ್ಲಿ ಒಂದು ಭಾಗ ಖರ್ಚಾಗುತ್ತದೆ. ಗಟ್ಟಿ ಬ್ಯಾಟರಿಗೆ ಇದೇನೂ ಅಲ್ಲ. ಮುದಿ ಬ್ಯಾಟರಿ, ಕಿಕ್ಕರ್ ಇಲ್ಲದ ಬೈಕು ಎರಡೂ ಒಟ್ಟಿಗೆ ಬಂದರೆ ಟೈರ್ ತುಂಬಿಯೂ ಎಂಜಿನ್ ಚಾಲೂ ಆಗದ ಸ್ಥಿತಿ ಬರಬಹುದು. ಎಂಜಿನ್ ಓಡುತ್ತಿರಲಿ, ಆದರೆ ಬಯಲಿನಲ್ಲಿ ಮಾತ್ರ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ, ಹೊಗೆ ಪ್ರಾಣಕ್ಕೆ ಕುತ್ತು. ಕಾರಿಗೆಂದು ಮಾಡಿದ, ಎರಡು ಸಿಲಿಂಡರಿನ ಭಾರಿ ಪಂಪನ್ನು ಮಾತ್ರ ಬೈಕಿಗೆ ಕಟ್ಟಿಕೊಳ್ಳಬೇಡಿ. ಮೂಗಿಗಿಂತ ಮೂಗುತಿ ಭಾರವಾದೀತು.

ಈಗ ಹೆಚ್ಚಿನವರ ಕಣ್ಣು ಇರುವುದು ಒಳಗೇ ಲಿಥಿಯಂ ಬ್ಯಾಟರಿ ಇರುವ ಪಂಪುಗಳ ಮೇಲೆ. ತಂತಿಯಿಲ್ಲ, ಗೋಜಿಲ್ಲ, ಜೇಬಿನಿಂದ ತೆಗೆದು ಹಚ್ಚಿದರೆ ಆಯಿತು. ಇವುಗಳಲ್ಲಿ ನೋಡಬೇಕಾದದ್ದು ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸಂಖ್ಯೆಯನ್ನಲ್ಲ, ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿಯನ್ನು ಹೇಳುವ ವ್ಯಾಟ್-ಗಂಟೆಯನ್ನು. ತಲಾ 2000 ಎಂಎಎಚ್‌ನ ಎರಡು ಸೆಲ್ಲುಗಳನ್ನು ಒಬ್ಬ ತಯಾರಕ 7.4 ವೋಲ್ಟ್, 2000 ಎಂಎಎಚ್ ಎಂದು ಬರೆಯುತ್ತಾನೆ. ಇನ್ನೊಬ್ಬ ಅದೇ ಎರಡು ಸೆಲ್ಲನ್ನು ಕೂಡಿಸಿ 3.7 ವೋಲ್ಟ್, 4000 ಎಂಎಎಚ್ ಎಂದು ಬರೆದು ಎರಡು ಪಟ್ಟು ದೊಡ್ಡವನಾಗುತ್ತಾನೆ. ವೋಲ್ಟಿನಿಂದ ಗುಣಿಸಿ ನೋಡಿದರೆ ಎರಡರದ್ದೂ 14.8 ವ್ಯಾಟ್-ಗಂಟೆ. 60 ವ್ಯಾಟಿನ ಮೋಟಾರು ನಾಲ್ಕು ನಿಮಿಷ ಓಡಿದರೆ 4 ವ್ಯಾಟ್-ಗಂಟೆ ಖರ್ಚು. ಅಂದರೆ ಈ ಪಂಪು ಹತ್ತು ಲೀಟರಿನಂಥ ಟೈರನ್ನು ಸೊನ್ನೆಯಿಂದ ಮೂರು ಸಲ ತುಂಬಬಲ್ಲದು, ಅದೂ ಬ್ಯಾಟರಿ ಹೊಸದಾಗಿದ್ದಾಗ. ಸಣ್ಣ, ಮಧ್ಯಮ ಬೈಕಿನವರಿಗೆ ಇದು ಧಾರಾಳ. ದೊಡ್ಡ ಬೈಕಿನವರು ಹೀಗೆ ಲೆಕ್ಕ ಹಾಕದೆ ಕೊಳ್ಳಬಾರದು.

ಇಂಥ ಪಂಪುಗಳು ಕೈಕೊಡುವುದು ಹೆಚ್ಚಾಗಿ ಕೆಟ್ಟು ಅಲ್ಲ, ಮರೆತು. ಆರು ತಿಂಗಳು ಸೀಟಿನಡಿ ಬಿದ್ದಿದ್ದು ಬೇಕಾದ ದಿನ ಪರದೆ ಬೆಳಗಿ ಆರಿಹೋಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು, ಸೈಲೆನ್ಸರಿನ ಬಿಸಿ ತಾಗುವ ಜಾಗದಲ್ಲಿ ಇಡಬಾರದು. ಕೊಳ್ಳುವಾಗ ಇನ್ನೊಂದು ಮಾತು ಕೇಳಿ: ಚಾರ್ಜಿಗೆ ಸಿಕ್ಕಿಸಿದ ಹಾಗೆಯೇ ಪಂಪು ಓಡುತ್ತದೆಯೇ? ಹೆಚ್ಚಿನವು ಓಡುವುದಿಲ್ಲ. ಖಾಲಿಯಾದರೆ ಪವರ್ ಬ್ಯಾಂಕ್ ಹಚ್ಚಿ ಸುಮ್ಮನೆ ಕೂರಬೇಕು.

ನನ್ನ ಆಯ್ಕೆ ಕೇಳಿದರೆ, ಊರೊಳಗಿನ ಓಡಾಟಕ್ಕೂ ಒಂದೆರಡು ದಿನದ ಸವಾರಿಗೂ ಲಿಥಿಯಂ ಪಂಪು. ವಾರಗಟ್ಟಲೆಯ ಪ್ರವಾಸಕ್ಕೂ, ಮರಳು ಕೆಸರಿಗಾಗಿ ಟೈರಿನ ಗಾಳಿ ಇಳಿಸಿ ಮತ್ತೆ ಏರಿಸುವ ಕಾಡುದಾರಿಯ ಸವಾರಿಗೂ ಬ್ಯಾಟರಿಗೆ ತಂತಿ ಬಿಗಿಸಿದ 12 ವೋಲ್ಟ್ ಪಂಪು. ಎತ್ತರದ ಬೆಟ್ಟಗಳಿಗೆ ಹೋಗುವವರು ಸಮಯವನ್ನು ಉದಾರವಾಗಿ ಹಿಡಿಯಬೇಕು. 3000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 70 ಭಾಗ ಮಾತ್ರ. ಅದೇ ಪಂಪು ಪ್ರತಿ ಏಟಿಗೆ ಅಷ್ಟೇ ಕಡಿಮೆ ಗಾಳಿಯನ್ನು ಹಿಡಿಯುತ್ತದೆ.

ವಾಲ್ವಿನ ಹತ್ತಿರ

ಬೈಕಿನ ವಾಲ್ವು ಕಾರಿನದ್ದೇ. 1893ರಲ್ಲಿ ಪೇಟೆಂಟ್ ಪಡೆದ ಷ್ರೇಡರ್ ವಾಲ್ವು, ನಡುವೆ ಸ್ಪ್ರಿಂಗಿನ ಪಿನ್ನು ಇರುವಂಥದ್ದು. ಹಾಗಾಗಿ ಪಂಪು ಹೊಂದಿಕೆಯಾಗುತ್ತದೆಯೇ ಎಂಬ ಚಿಂತೆ ಬೇಡ. ಕೈ ಹೋಗುತ್ತದೆಯೇ ಎಂಬುದೇ ಚಿಂತೆ. ದೊಡ್ಡ ಬೈಕುಗಳ ಮುಂದಿನ ಚಕ್ರದಲ್ಲಿ ಎರಡು ಬದಿಗೂ ಬ್ರೇಕ್ ಡಿಸ್ಕ್, ಹಿಂದೆ ಡಿಸ್ಕ್ ಒಂದು ಕಡೆ, ಸ್ಪ್ರಾಕೆಟ್ ಇನ್ನೊಂದು ಕಡೆ. ಸ್ಕೂಟರಿನ ಪುಟ್ಟ ಚಕ್ರದಲ್ಲಂತೂ ವಾಲ್ವಿಗೂ ಹಬ್ಬಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಪಂಪಿನ ನಾಝಲ್ ಉದ್ದವಿದ್ದರೆ ಅದು ಒಳಗೆ ಹೋಗುವುದೇ ಇಲ್ಲ. ವಾಲ್ವ್ ನೇರವಾಗಿ ಹಬ್ಬಿನ ಕಡೆ ಮುಖ ಮಾಡಿದ್ದರೆ ಎಲ್ ಆಕಾರಕ್ಕೆ ಬಾಗಿದ ಸಣ್ಣ ಅಡಾಪ್ಟರ್ ತೆಗೆದುಕೊಳ್ಳಿ. ಗಾಳಿ ಹೊಡೆದ ಮೇಲೆ ಅದನ್ನು ಬಿಚ್ಚಿ ಇಟ್ಟುಕೊಳ್ಳಬೇಕು, ಚಕ್ರದ ಮೇಲೆ ಬಿಟ್ಟು ಓಡಿಸಬಾರದು.

ಕೊಳವೆಯಿಲ್ಲದೆ ಪಂಪೇ ನೇರವಾಗಿ ವಾಲ್ವಿಗೆ ಕೂರುವ ಮಾದರಿಗಳನ್ನು ಬೈಕಿಗೆ ಖಂಡಿತ ತೆಗೆದುಕೊಳ್ಳಬೇಡಿ. ಅರ್ಧ ಕಿಲೋ ತೂಕದ, ಗಡಗಡ ನಡುಗುವ ಯಂತ್ರ ಬೆರಳುದ್ದದ ರಬ್ಬರ್ ವಾಲ್ವಿಗೆ ಜೋತು ಬಿದ್ದರೆ ವಾಲ್ವಿನ ಬುಡ ಬಿರುಕು ಬಿಡುತ್ತದೆ. ಆಮೇಲೆ ಆ ಸೋರಿಕೆಗೆ ರಸ್ತೆಯ ಪಕ್ಕ ಮದ್ದಿಲ್ಲ. ಪಂಪನ್ನು ನೆಲದ ಮೇಲಿಟ್ಟು ಹಿಂದಿನ ವಾಲ್ವ್ ತಲುಪುವಷ್ಟು ಕೊಳವೆ ಇರಬೇಕು. ಕೊಳವೆಯ ತುದಿ ತಿರುಪಿನದ್ದಾದರೆ ಗಟ್ಟಿಯಾಗಿ ಕೂರುತ್ತದೆ, ಆದರೆ ಬಿಚ್ಚುವಾಗ ಬುಸ್ಸೆಂದು ಒಂದಿಷ್ಟು ಗಾಳಿ ಹೋಗುತ್ತದೆ. ಬೇಗ ತಿರುಗಿಸಿ ಬಿಚ್ಚಿದರೆ ನಷ್ಟ ಕಡಿಮೆ. ವಾಲ್ವಿನ ಮೇಲೆ ಒತ್ತಿ ಲಿವರ್ ಇಳಿಸುವ ಬಗೆಯನ್ನು ಬೇಗ ಬಿಚ್ಚಬಹುದು, ಆದರೆ ಅದು ಸವೆದ ಮೇಲೆ ತಾನೇ ಜಾರುತ್ತದೆ. ನಾನು ತಿರುಪಿನ ಪಕ್ಷ.

ಟೈರಿನೊಳಗೆ ಪಂಕ್ಚರ್ ತಡೆಯುವ ದ್ರವ ಇದ್ದರೆ ಗಾಳಿ ಹೊಡೆಯುವಾಗ ವಾಲ್ವ್ ಚಕ್ರದ ಮೇಲ್ಭಾಗಕ್ಕೆ ಬರುವಂತೆ ತಿರುಗಿಸಿಕೊಳ್ಳಿ. ಕೆಳಗಿದ್ದರೆ ದ್ರವ ಹಿಂದಕ್ಕೆ ನುಗ್ಗಿ ಕೊಳವೆಯನ್ನೂ ಗೇಜನ್ನೂ ಕಟ್ಟಿಸಿಬಿಡುತ್ತದೆ.

ಗೇಜನ್ನು ಎಷ್ಟು ನಂಬಬೇಕು?

150ರ ತನಕ ಅಂಕಿಯಿರುವ ಮುಳ್ಳಿನ ಗೇಜಿನಲ್ಲಿ 28ಕ್ಕೂ 32ಕ್ಕೂ ನಡುವಿನ ಅಂತರ ಒಂದು ಗೆರೆಯ ದಪ್ಪ. ಪೂರ್ಣ ಅಳತೆಯ ಶೇಕಡಾ 2ರಷ್ಟು ತಪ್ಪಿಗೆ ಅವಕಾಶವಿರುವ ಗೇಜಾದರೆ 3 ಪಿಎಸ್‌ಐ ಆಚೀಚೆ ಆದೀತು. ಇಲ್ಲಿಯೂ ಆ 150 ನಮ್ಮ ಪಾಲಿಗೆ ನಷ್ಟವೇ. ಡಿಜಿಟಲ್ ಪರದೆ ದಶಾಂಶದವರೆಗೆ ತೋರಿಸುತ್ತದೆಂದು ಅದು ಸರಿಯೆಂದೇನೂ ಅಲ್ಲ. ಪಂಪು ಓಡುವಾಗ ಕಾಣುವ ಅಂಕಿ ಕೊಳವೆಯಲ್ಲಿ ನುಗ್ಗುತ್ತಿರುವ ಗಾಳಿಯ ಒತ್ತಡ, ಟೈರಿನದ್ದಕ್ಕಿಂತ ಹೆಚ್ಚು. ನಿಲ್ಲಿಸಿದ ಮರುಕ್ಷಣ ಅದು ಇಳಿಯುತ್ತದೆ. ಇಳಿದ ಮೇಲಿನ ಅಂಕಿಯನ್ನೇ ಓದಬೇಕು. ಬೇಕಾದ ಒತ್ತಡ ಮುಟ್ಟಿದೊಡನೆ ತಾನೇ ನಿಲ್ಲುವ ಸೌಕರ್ಯ ಒಳ್ಳೆಯದು, ಅದಕ್ಕಾಗಿ ತುಸು ಹೆಚ್ಚು ಕೊಟ್ಟರೂ ಸರಿಯೇ. ಆದರೂ 60 ಪಿಎಸ್‌ಐವರೆಗಿನ ಪ್ರತ್ಯೇಕ ಪುಟ್ಟ ಗೇಜೊಂದನ್ನು ಇಟ್ಟುಕೊಂಡು ಪಂಪಿನ ಅಂಕಿಯನ್ನು ಅದರೊಂದಿಗೆ ಹೋಲಿಸಿ ನೋಡಿ. ಪಂಪು ಯಾವಾಗಲೂ 2 ಹೆಚ್ಚು ತೋರಿಸುವುದಾದರೆ ತೊಂದರೆಯಿಲ್ಲ, 2 ಕಳೆದು ಓದಿದರಾಯಿತು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುವ ಗೇಜಿನಿಂದ ಪ್ರಯೋಜನವಿಲ್ಲ. ಪರದೆಯ ಮೂಲೆಯಲ್ಲಿ ಪಿಎಸ್‌ಐ ಇದೆಯೋ ಬಾರ್ ಇದೆಯೋ ಎಂಬುದನ್ನೂ ಪ್ರತಿಸಲ ನೋಡಿಕೊಳ್ಳಿ, ಗುಂಡಿಗಳು ಚೀಲದೊಳಗೆ ಒತ್ತಿ ಬದಲಾಗಿರುತ್ತವೆ.

ಯಾವ ಅಂಕಿ ಹಾಕಬೇಕೆಂಬುದು ಚೈನ್ ಕವರಿನ ಅಥವಾ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿನ ಮೇಲಿನ ಚೀಟಿಯಲ್ಲಿ, ಇಲ್ಲವೇ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದದ್ದು ಆ ಟೈರ್ ಹೊರಬಹುದಾದ ಗರಿಷ್ಠ ಮಿತಿ, ನಿಮ್ಮ ಬೈಕಿಗೆ ಹೇಳಿದ್ದಲ್ಲ. ಚೀಟಿಯ ಅಂಕಿ ತಣ್ಣಗಿನ ಟೈರಿನದ್ದು. 30 ಪಿಎಸ್‌ಐ ಸುತ್ತಮುತ್ತ, ಟೈರಿನೊಳಗಿನ ಗಾಳಿ ಏಳು ಡಿಗ್ರಿ ಕಾದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಒಂದು ಗಂಟೆ ಓಡಿಸಿ ಬಂದ ಟೈರು 33 ತೋರಿಸಿತೆಂದು ಗಾಳಿ ಬಿಟ್ಟು 30ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಅದು 27ಕ್ಕೆ ಬಂದು ನಿಂತಿರುತ್ತದೆ. ಅಳೆಯುವ ಹೊತ್ತು ಬೆಳಿಗ್ಗೆ, ಬೈಕು ಹೊರಡುವ ಮುನ್ನ.

ಪಂಪು ಮನೆಗೆ ಬಂದ ವಾರದಲ್ಲೇ ಒಂದು ಕೆಲಸ ಮಾಡಿ. ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಟೈರಿನ ಗಾಳಿಯನ್ನು 10 ಪಿಎಸ್‌ಐಗೆ ಇಳಿಸಿ, ಗಡಿಯಾರ ನೋಡುತ್ತ ಪೂರ್ತಿ ತುಂಬಿ. ಸೊನ್ನೆಗೆ ಇಳಿಸಬೇಡಿ, ಬೀಡ್ ಜಾರಿದರೆ ಮನೆಯಲ್ಲೇ ಪೇಚಾಟ. ನಾಝಲ್ ಒಳಗೆ ಹೋಗುತ್ತದೆಯೇ, ಕೊಳವೆ ಸಾಲುತ್ತದೆಯೇ, ಪಂಪು ಎಷ್ಟು ಕಾಯುತ್ತದೆ, ಬ್ಯಾಟರಿಯ ಎಷ್ಟು ಗೆರೆ ಇಳಿಯಿತು, ಕತ್ತಲಲ್ಲಿ ಪರದೆ ಓದಲು ಬರುತ್ತದೆಯೇ ಎಂಬುದೆಲ್ಲ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಗೊತ್ತಾಗುತ್ತದೆ. ಹಿಡಿದ ಸಮಯವನ್ನು ಪಂಪಿನ ಚೀಲದೊಳಗಿನ ಚೀಟಿಯಲ್ಲಿ ಬರೆದಿಡಿ. ಮುಂದೆಂದಾದರೂ ಅದೇ ಟೈರನ್ನು ಅದೇ ಅಂಕಿಗೆ ತುಂಬಲು ಅದರ ಒಂದೂವರೆ ಪಟ್ಟು ಸಮಯ ಹಿಡಿಯಿತೆಂದರೆ ಪಿಸ್ಟನ್ನಿನ ಸೀಲೋ ಬ್ಯಾಟರಿಯೋ ಸವೆದಿದೆ, ಪಂಪು ಬದಲಿಸುವ ಕಾಲ ಬಂದಿದೆ.